ಬಗ್ಗಡದ ನೀರೂ ತಿಳಿನೀರೂ

ಮುಂಗಾರಿನ ಮೊದಲ ಮಳೆಗಳು ಬಿದ್ದು ಹಳ್ಳಕೊಳ್ಳಗಳು ತುಂಬಿ ಹರಿಯತೊಡಗಿದೊಡನೆ ನಮ್ಮ ನಾಡಿನ ಹೊಳೆಕೆರೆಗಳ ನೀರೆಲ್ಲವೂ ಕೆಮ್ಮಣ್ಣಿನ ಬಣ್ಣವನ್ನು ತಾಳುವುದು ವಾಚಕರು ಪ್ರತಿವರ್ಷವೂ ಕಾಣುವ ವಿಷಯವೇ ಆಗಿದೆ. ಅಂತಹ ನೀರನ್ನು ಒಂದು ಕೊಡದಲ್ಲಿ ತುಂಬಿ, ಅಲುಗಿಸದೆ ಮೂಲೆಯಲ್ಲಿಟ್ಟು, ಮರುದಿನ ನೋಡಿದರೆ ತಳದಲ್ಲಿ ಬೆರಳುದ್ದ ಕೆಸರು ನಿಂತಿರುವುದು. ಆದರೆ ಮೇಲಿನ ನೀರು ಮಾತ್ರ ನೀರು ಮಜ್ಜಿಗೆಯಂತೆ ಮಬ್ಬಾಗಿಯೇ ಇರುವುದು. ಇನ್ನೆರಡು ದಿನ ಕಾದರೂ ಆ ಮಬ್ಬು ಪೂರ್ತಿಯಾಗಿ ಹೋಗದು. ಮಣ್ಣು ನೀರಿಗಿಂತ ಸುಮಾರು ಎರಡೂವರೆ ಪಾಲು ಭಾರವಾದ ವಸ್ತುವಷ್ಟೆ. ಕಲ್ಲು ಮುಳುಗುವಂತೆ ಅದೂ ಮುಳುಗಬೇಕಲ್ಲವೆ? ಯಾವುದರ ಆಧಾರದಿಂದ ಅದು ನಡುನೀರಿನಲ್ಲಿ ನಿಂತಿದೆ? ಪ್ರಶ್ನೆಯು ಮಕ್ಕಳು ಕೇಳುವಂತಹುದೆಂದು ತೋರಬಹುದು. ಆದರೆ ಮನೆಮಂದಿಯ, ಅದರಲ್ಲಿಯೂ ಎಳೆಯ ಮಕ್ಕಳ, ಆರೋಗ್ಯವು ಬಹುಮಟ್ಟಿಗೆ ಇದರ ಉತ್ತರವನ್ನು ಅವಲಂಬಿಸಿರುವುದರಿಂದ ಇದನ್ನು ಕುರಿತು ನಾವು ಕೆಲವು ಮಾತುಗಳನ್ನು ಬರೆಯಲು ಹೊರಟಿದ್ದೇವೆ.

ಮೊದಲು ಶಬ್ದಗಳ ವಿಚಾರವನ್ನು ಎರಡು ಸಾಲುಗಳಲ್ಲಿ ಹೇಳಿಬಿಡುವೆವು. ಹಳೆಯ ಉಪಾಧ್ಯಾಯರ ಚಾಪಲ್ಯವೆಂದು ವಾಚಕರು ಮನ್ನಿಸಬೇಕು. ನಮ್ಮ ಭಾಷೆಯಲ್ಲಿ ನೀರು ನಿರ್ಮಲವಾದರೆ ‘ತಿಳಿಯಾಯಿತು’ ಎನ್ನುವೆವು. ಮನಸ್ಸಿಗೆ ಅರ್ಥವಾದರೆ ‘ತಿಳಿಯಿತು’ ಎನ್ನುವೆವು. ಸಂಸ್ಕೃತದ ‘ಪ್ರಸನ್ನ’ ಎಂಬ ಮಾತೂ ಹೀಗೆಯೇ ನೀರಿಗೂ ಮನಸ್ಸಿಗೂ ಸಮನಾಗಿ ಸಲ್ಲುವುದು. ಆ ಮಾತಿನೊಳಗಣ ಧಾತುವಿಗೆ ಕುಸಿಯುವುದು, ಕೆಳಗೆ ಕೂರುವುದು ಎಂಬ ಅರ್ಥವುಂಟು. ಕೆಸರು ಕೆಳಗೆ ಕುಳಿತರೆ ನೀರು ಪ್ರಸನ್ನವಾಯಿತು. ಇನ್ನು ಕೆಳಗೆ ಕೂರಲೊಲ್ಲದ ಅತಿಸೂಕ್ಷ್ಮ ಕಣಗಳುಳ್ಳ ದ್ರವಕ್ಕೆ ಈಗಿನ ವಿಜ್ಞಾನಗ್ರಂಥಗಳಲ್ಲಿ ‘ಕಲಿಲ’ವೆಂದು ಹೆಸರು. ಭಗವದ್ಗೀತೆಯನ್ನು ಓದಿದವರಿಗೆ ಈ ಶಬ್ದವು ಹೊಸದಲ್ಲ. ಪಶ್ಚಿಮದಲ್ಲಿ ಥಾಮಸ್ ಗ್ರಹಾಂ ಎಂಬ ರಸಾಯನಶಾಸ್ತ್ರಜ್ಞನು 1861ರಲ್ಲಿ ಗ್ರೀಕ್ ಭಾಷೆಯ ‘ಅಂಟು’ ಎಂಬರ್ಥದ ಮಾತಿನಿಂದ ಇದಕ್ಕೆ ‘ಕೊಲಾಯ್ಡ್’ ಎಂದು ಹೆಸರಿಟ್ಟನು.

ಕಣವು ಮುಳುಗುವ ವೇಗವು ಅದರ ಗಾತ್ರದ ಮೇಲೆ ನಿಂತಿದೆ. ಜಾರ್ಜ್ ಸ್ಟೋಕ್ಸ್ ಎಂಬ ಗಣಿತಜ್ಞನು 1851ರಲ್ಲಿ ಇದರ ಲೆಕ್ಕವನ್ನು ಹಾಕಿಕೊಟ್ಟನು. ಕಣದ ವ್ಯಾಸವು ಹತ್ತನೆಯ ಒಂದು ಪಾಲಿಗೆ ಇಳಿದರೆ ಅದು ಮುಳುಗುವ ವೇಗವು ನೂರನೆಯ ಒಂದು ಪಾಲಿಗೆ ಇಳಿಯುವುದು. ಈ ಲೆಕ್ಕದಂತೆ ಮಿಲಿಮೀಟರಿನ ಹತ್ತನೆಯ ಒಂದು ಪಾಲು ದಪ್ಪವಿರುವ ನವುರು ಮರಳು ಒಂದಡಿ ಆಳದ ನೀರಿನಲ್ಲಿ ಅರ್ಧ ನಿಮಿಷ ಮುಕ್ಕಾಲು ನಿಮಿಷದೊಳಗೆ ತಳ ಸೇರುವುದು. ಅದರ ಹತ್ತನೆಯ ಒಂದು ಪಾಲಿನಷ್ಟಿರುವ ಕಣಕ್ಕೆ ಸುಮಾರು ಒಂದು ಗಂಟೆ ಬೇಕು. ಮಿಲಿಮೀಟರಿನ ಸಾವಿರದ ಒಂದು ಪಾಲಿನಷ್ಟಿರುವ ಜೇಡಿಯ ಕಣಕ್ಕೆ, ನೀರು ಸ್ವಲ್ಪವೂ ಅಲುಗದೆ ಇದ್ದರೆ, ಸುಮಾರು ನಾಲ್ಕು ದಿನಗಳು ಬೇಕು. ಅದಕ್ಕೂ ಹತ್ತು ಪಾಲು ಕಿರಿದಾದ ಕಣಕ್ಕೆ ವರ್ಷವೇ ಸಾಲದು. ಮನೆಯಲ್ಲಿಟ್ಟ ಕೊಡದ ನೀರಾದರೋ ಬಾಗಿಲು ಹಾಕಿದರೆ ಅಲುಗುವುದು, ಬಿಸಿಲು ತಾಗಿದರೆ ಒಳಗೊಳಗೇ ಹೊರಳುವುದು. ಹೀಗಿರಲಾಗಿ ಇಂತಹ ಕಣಗಳು ತಾವಾಗಿ ತಳ ಸೇರುವ ಆಸೆಯನ್ನು ಬಿಡಬೇಕಾದುದೇ ಸರಿ.

ಇಷ್ಟು ಮಾತ್ರವಲ್ಲ. ಅತಿಸೂಕ್ಷ್ಮ ಕಣಗಳು ನೀರಿನಲ್ಲಿ ಎಂದಿಗೂ ಸುಮ್ಮನೆ ನಿಲ್ಲವು. ರಾಬರ್ಟ್ ಬ್ರೌನ್ ಎಂಬ ಸ್ಕಾಟ್ಲೆಂಡಿನ ಸಸ್ಯಶಾಸ್ತ್ರಜ್ಞನು 1827ರಲ್ಲಿ ಒಂದು ಹೂವಿನ ಪರಾಗದೊಳಗಿನ ಸೂಕ್ಷ್ಮ ಕಣಗಳನ್ನು ನೀರಿನಲ್ಲಿಟ್ಟು ಸೂಕ್ಷ್ಮದರ್ಶಕದಿಂದ ನೋಡಿದಾಗ ಅವು ನಿಲ್ಲದೆ ನಡುಗುತ್ತ, ದಿಕ್ಕುದಿಕ್ಕಿಗೆ ಜಿಗಿಯುತ್ತಲಿದ್ದುವು. ಜೀವವಿರುವುದರಿಂದ ಹೀಗಾಗುತ್ತಿರಬಹುದೆ ಎಂದು ಮೊದಲು ಅವನಿಗೆ ತೋರಿತು. ಆದರೆ ಗಾಜಿನ ಪುಡಿ, ಕಲ್ಲಿನ ಪುಡಿ, ಕಡೆಗೆ ಈಜಿಪ್ಟಿನ ಸ್ಫಿಂಕ್ಸ್ ವಿಗ್ರಹದ ಒಂದು ಚೂರಿನ ಪುಡಿಯೂ ಹಾಗೆಯೇ ಕುಣಿದುವು! ಕಣ್ಣಿಗೆ ಕಾಣದ ನೀರಿನ ಅಣುಗಳು ಎಲ್ಲ ಕಡೆಯಿಂದಲೂ ಬಂದು ಬಡಿಯುವುದೇ ಇದಕ್ಕೆ ಕಾರಣವೆಂಬುದನ್ನು 1905ರಲ್ಲಿ ಐನ್‌ಸ್ಟೈನನು ಗಣಿತದಿಂದ ತೋರಿಸಿದನು. 1908ರಿಂದ ಮುಂದೆ ಫ್ರಾನ್ಸಿನ ಜಾನ್ ಪೆರಾನನು ಒಂದು ಮರದ ಹಳದಿ ಅಂಟಿನ ಕಣಗಳನ್ನು ನೀರಿನಲ್ಲಿ ಕದಡಿ, ಒಂದೊಂದು ಮಟ್ಟದಲ್ಲಿ ಎಷ್ಟೆಷ್ಟು ಕಣಗಳಿವೆಯೆಂದು ಎಣಿಸಿ, ಆ ಲೆಕ್ಕವನ್ನು ಪ್ರಯೋಗದಿಂದ ಸಿದ್ಧಪಡಿಸಿದನು. ಆ ಮರವು ನಮ್ಮ ಪುನರ್ಪುಳಿ, ಉಪ್ಪಾಗೆಗಳ ಕುಲಕ್ಕೆ ಸೇರಿದುದು. ಪರಮಾಣುಗಳಿರುವುದು ನಿಜವೆ, ಕಲ್ಪನೆಯೆ ಎಂದು ಆ ಕಾಲದ ಹಲವು ಪಂಡಿತರಿಗೆ ಇದ್ದ ಸಂಶಯವು ಇದರಿಂದ ಕಳೆಯಿತು. ಪೆರಾನನಿಗೆ 1926ರ ನೊಬೆಲ್ ಬಹುಮಾನವು ದೊರೆಯಿತು. ಕಿಟಕಿಯಿಂದ ಬೀಳುವ ಬಿಸಿಲಕೋಲಿನಲ್ಲಿ ತೇಲುವ ಧೂಳಿಗೆ ತ್ರಸರೇಣುವೆಂದು ಹೆಸರಿಟ್ಟು, ಅದರಿಂದ ಪರಮಾಣುವಿನ ತರ್ಕವನ್ನು ಬೆಳೆಸಿದ ನಮ್ಮ ವೈಶೇಷಿಕರು ಇದನ್ನು ಕಂಡಿದ್ದರೆ ಸಂತೋಷಪಡುತ್ತಿದ್ದರು. ಅವರಿಗೆ ಇದೆಲ್ಲವೂ ಮೊದಲೇ ಗೊತ್ತಿತ್ತೆಂದು ವಾದಿಸುವವರ ಪಕ್ಷದಲ್ಲಿ ನಾವಿಲ್ಲ. ತರ್ಕವು ಬೇರೆ, ಎಣಿಸಿ ನೋಡುವುದು ಬೇರೆ.

ಆದರೂ ಒಂದು ಸಂದೇಹವು ಉಳಿಯುವುದು. ಕಣಗಳು ಹೀಗೆ ಜಿಗಿದಾಡುವಾಗ ಒಂದನ್ನೊಂದು ಸಂಧಿಸಿ, ಅಂಟಿಕೊಂಡು, ಹತ್ತು ಕೂಡಿ ಒಂದು ಉಂಡೆಯಾಗಬಾರದೇಕೆ? ಉಂಡೆಯಾದರೆ ಭಾರದಿಂದ ಮುಳುಗಲೇಬೇಕಲ್ಲವೆ? ಇಲ್ಲಿಯೇ ವಿಷಯದ ಮರ್ಮವಿರುವುದು. ಜೇಡಿಮಣ್ಣಿನ ಕಣಗಳೆಲ್ಲವೂ ನೀರಿನಲ್ಲಿ ಋಣವಿದ್ಯುತ್ತನ್ನು ಹೊತ್ತಿರುತ್ತವೆ. ಒಂದೇ ಬಗೆಯ ವಿದ್ಯುತ್ತುಳ್ಳವು ಒಂದನ್ನೊಂದು ದೂಡುವುವು. ಆದುದರಿಂದ ಕಣಗಳು ಹತ್ತಿರ ಬಂದರೂ ಕೂಡಲಾರದೆ ಹಿಂದೆ ಸರಿಯುವುವು. ಈ ವೈರವು ಇರುವವರೆಗೂ ಬಗ್ಗಡವು ಬಗ್ಗಡವಾಗಿಯೇ ಇರುವುದು. ವೈರವನ್ನು ಕಳೆದರೆ ತಾವಾಗಿ ಒಟ್ಟುಗೂಡಿ ಕೆಳಗೆ ಬೀಳುವುವು. ಹಾಲಿಗೆ ನಿಂಬೆಹಣ್ಣಿನ ರಸವನ್ನು ಹಿಂಡಿದಾಗ ನಡೆಯುವುದೂ ಇದೇ. ಹಾಲಿನೊಳಗಿನ ಸೂಕ್ಷ್ಮ ಸಸಾರಜನಕದ ಕಣಗಳ ವಿದ್ಯುತ್ತನ್ನು ಹುಳಿಯು ಕಳೆದುಬಿಡುವುದರಿಂದ ಅವು ಗಂಟುಕಟ್ಟಿ, ಹಾಲು ಒಡೆದು, ನೀರು ಬೇರೆಯಾಗುವುದು. ಕೆಸರನ್ನು ಹೊತ್ತು ತಂದ ನದಿಯು ಸಮುದ್ರವನ್ನು ಸೇರಿದೊಡನೆ ಉಪ್ಪಿನ ಸಂಪರ್ಕದಿಂದ ಕೆಸರು ಗಂಟುಕಟ್ಟಿ ಕೆಳಗೆ ಬೀಳುವುದು. ಹರಿವು ನಿಧಾನವಾಗುವುದರೊಡನೆ ಇದೂ ಸೇರಿ ಗಂಗೆ ಗೋದಾವರಿಗಳ ಮುಖದಲ್ಲಿ ಹೊಸ ಭೂಮಿಯು ಬೆಳೆದಿದೆ.

ಈ ವೈರದ ಪರಿಣಾಮವು ಎಷ್ಟು ದೀರ್ಘಕಾಲ ನಿಲ್ಲಬಲ್ಲುದೆಂಬುದಕ್ಕೆ ಒಂದು ಉದಾಹರಣೆಯನ್ನು ಕೊಡದೆ ಮುಂದೆ ಹೋಗಲು ಮನಸ್ಸಾಗದು. ಮೈಕೆಲ್ ಫ್ಯಾರಡೆಯು 1857ರಲ್ಲಿ ಚಿನ್ನವನ್ನು ಅತಿಸೂಕ್ಷ್ಮ ಕಣಗಳಾಗಿ ನೀರಿನಲ್ಲಿ ನಿಲ್ಲಿಸಿದನು. ಆ ನೀರಿಗೆ ಚಿನ್ನದ ಬಣ್ಣವಿಲ್ಲ, ಮಾಣಿಕ್ಯದ ಕೆಂಪುಬಣ್ಣ. ಅವನು ಮಾಡಿದ ದ್ರವದ ಸೀಸೆಗಳು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಇಂದಿಗೂ ಇವೆ. ನೂರರುವತ್ತಕ್ಕೂ ಹೆಚ್ಚು ವರ್ಷಗಳು ಕಳೆದರೂ ಚಿನ್ನವು ಇನ್ನೂ ಪೂರ್ತಿ ಕೆಳಗಿಳಿದಿಲ್ಲ. ನೀರಿಗಿಂತ ಹತ್ತೊಂಬತ್ತು ಪಾಲು ಭಾರವಾದ ಲೋಹದ ಗತಿಯೇ ಹೀಗಾದರೆ ಮಣ್ಣಿನ ಮಾತೇನು! ಅದೇ ಕೆಂಪು ದ್ರವಕ್ಕೆ ಸ್ವಲ್ಪ ಉಪ್ಪನ್ನು ಹಾಕಿದರೆ ಕಣಗಳು ಕೂಡಿಕೊಂಡು ಬಣ್ಣವು ನೀಲಿಗೆ ತಿರುಗುವುದೆಂಬುದನ್ನೂ, ಮೊದಲೇ ಸರೇಸಿನಂತಹ ಅಂಟನ್ನು ಬೆರೆಸಿದ್ದರೆ ಉಪ್ಪಿನಿಂದ ಹಾಗೆ ಆಗದೆಂಬುದನ್ನೂ ಫ್ಯಾರಡೆಯು ಗಮನಿಸಿದ್ದನು.

ಅಂಟಿನ ಈ ಗುಣವನ್ನು ನಮ್ಮ ಹಿಂದಿನ ಲಿಪಿಕಾರರು ತಮ್ಮ ಕೆಲಸದಲ್ಲಿ ಬಳಸಿದ್ದರು. ದೀಪದ ಕಾಡಿಗೆಯನ್ನು ಬರಿಯ ನೀರಿನಲ್ಲಿ ಕಲಸಿದರೆ ಅದು ಮಸಿಯಾಗದು. ಮೇಲೆ ತೇಲುವುದು, ಇಲ್ಲವೆ ಗಂಟುಗಂಟಾಗುವುದು. ಜಾಲಿಯ ಗೋಂದಿನ ನೀರನ್ನು ಹಾಕಿ ಗಂಟೆಗಟ್ಟಲೆ ಅರೆದರೆ ಒಂದೊಂದು ಕಣದ ಸುತ್ತಲೂ ಅಂಟಿನ ಹೊದಿಕೆಯುಂಟಾಗಿ ಕಣಗಳು ಬೇರೆ ಬೇರೆಯಾಗಿಯೇ ನಿಲ್ಲುವುವು. ನಮ್ಮ ಸಂಸ್ಕೃತ ಗುರುಗಳ ಮನೆಯಲ್ಲಿ ಹೀಗೆ ಮಾಡಿದ ಮಸಿಯಿಂದ ಬರೆದ ಹಳೆಯ ಕಾಗದದ ಪುಸ್ತಕಗಳಿದ್ದುವು. ಅಂಚುಗಳನ್ನು ಹುಳು ತಿಂದಿದ್ದರೂ ಅಕ್ಷರಗಳ ಕಪ್ಪು ಒಂದಿಷ್ಟೂ ಮಾಸಿರಲಿಲ್ಲ.

ಇನ್ನು ಕುಡಿಯುವ ನೀರಿಗೆ ಬರೋಣ. ಬಗ್ಗಡವನ್ನು ತಿಳಿಮಾಡಲು ಮನೆಗಳಲ್ಲಿ ಬಳಕೆಯಲ್ಲಿರುವ ವಸ್ತುಗಳಲ್ಲಿ ಪಟಿಕವು ಮುಖ್ಯವಾದುದು. ಅದರಲ್ಲಿ ಅಲ್ಯೂಮಿನಿಯಂ ಎಂಬ ಲೋಹದ ಅಂಶವುಂಟು. ಅದು ನೀರಿನಲ್ಲಿ ಮೂರು ಪಾಲು ಧನವಿದ್ಯುತ್ತನ್ನು ಹೊತ್ತಿರುವುದು. ಹೀಗೆ ಮೂರು ಪಾಲು ಹೊತ್ತಿರುವ ಅಂಶಕ್ಕೆ, ಅಡಿಗೆಯ ಉಪ್ಪಿನಲ್ಲಿರುವಂತೆ ಒಂದೇ ಪಾಲು ಹೊತ್ತಿರುವ ಅಂಶಕ್ಕಿಂತ, ಬಗ್ಗಡವನ್ನು ಕೂಡಿಸುವ ಶಕ್ತಿಯು ಮೂರು ಪಾಲಲ್ಲ, ನೂರಾರು ಪಾಲು ಹೆಚ್ಚು. ಇದನ್ನು ಜರ್ಮನಿಯ ಶುಲ್ಜೆಯು 1882ರಲ್ಲಿಯೂ ಇಂಗ್ಲೆಂಡಿನ ಹಾರ್ಡಿಯು 1900ರಲ್ಲಿಯೂ ಕಂಡುಕೊಂಡರು. ಅದಲ್ಲದೆ ಪಟಿಕದಿಂದ ನೀರಿನಲ್ಲಿ ಅರಳೆಯಂತಹ ಬಿಳಿಯ ಎಸಳುಗಳು ಹುಟ್ಟಿ, ಮುಳುಗುವಾಗ ದಾರಿಯಲ್ಲಿ ಸಿಕ್ಕಿದ ಕಣಗಳನ್ನೆಲ್ಲ ಬಲೆಯಂತೆ ಬಾಚಿಕೊಂಡು ಹೋಗುವುವು. ನಗರಗಳ ನೀರಿನ ಕಾರಖಾನೆಗಳಲ್ಲಿಯೂ ಮೊದಲ ಸಂಸ್ಕಾರವು ಹೆಚ್ಚಾಗಿ ಇದೇ ತತ್ವದಿಂದ ನಡೆಯುತ್ತದೆ.

ಪಟಿಕಕ್ಕಿಂತಲೂ ನಮಗೆ ಹೆಚ್ಚು ಪ್ರಿಯವಾದುದು ಚಿಲ್ಲದ ಬೀಜ. ಸಂಸ್ಕೃತದಲ್ಲಿ ಇದು ‘ಕತಕ’. ಇದರ ಕೀರ್ತಿಯು ಎಷ್ಟು ಹಳೆಯದೆಂದರೆ ಮನುಸ್ಮೃತಿಯ ಆರನೆಯ ಅಧ್ಯಾಯದಲ್ಲಿ ಇದು ದೃಷ್ಟಾಂತವಾಗಿ ಬಂದಿದೆ: ಕತಕದ ಕಾಯಿ ನೀರನ್ನು ತಿಳಿಗೊಳಿಸುವುದು ನಿಜವಾದರೂ ಅದರ ಹೆಸರನ್ನು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗದು ಎಂಬುದು ಅಲ್ಲಿಯ ಭಾವ. ಎಲ್ಲರಿಗೂ ತಿಳಿದ ವಸ್ತುವನ್ನಲ್ಲದೆ ದೃಷ್ಟಾಂತಕ್ಕೆ ಯಾರೂ ತೆಗೆದುಕೊಳ್ಳರಷ್ಟೆ. ಹಿಂದಿನವರು ಮಣ್ಣಿನ ಗಡಿಗೆಯ ಒಳಮೈಗೆ ಈ ಬೀಜವನ್ನು ಚೆನ್ನಾಗಿ ತಿಕ್ಕಿ, ಅನಂತರ ನೀರು ತುಂಬಿಸುತ್ತಿದ್ದರು. ಕೆಲವು ಹೊತ್ತಿನಲ್ಲಿಯೇ ಬಗ್ಗಡವು ಕೆಳಗಿಳಿಯುತ್ತಿತ್ತು. ಬೀಜದಲ್ಲಿರುವ ಲೋಳೆಯಂತಹ ವಸ್ತುವಿನ ಉದ್ದವಾದ ಎಳೆಗಳು ಒಂದು ಕೊನೆಯಲ್ಲಿ ಒಂದು ಕಣವನ್ನೂ ಇನ್ನೊಂದು ಕೊನೆಯಲ್ಲಿ ಮತ್ತೊಂದು ಕಣವನ್ನೂ ಹಿಡಿದು ಸೇತುವೆಯಂತೆ ಕೂಡಿಸುವುವು. ನುಗ್ಗೆಯ ಬೀಜಕ್ಕೂ ತಿಳಿಗೊಳಿಸುವ ಗುಣವುಂಟು. ಅದರಲ್ಲಿ ಧನವಿದ್ಯುತ್ತುಳ್ಳ ಒಂದು ಸಸಾರಜನಕವಿದೆ. ಸುಡಾನ್ ದೇಶದ ಹೆಂಗಸರು ನೈಲ್ ನದಿಯ ಬಗ್ಗಡವನ್ನು ನುಗ್ಗೆಬೀಜದ ಪುಡಿಯಿಂದ ತಿಳಿಮಾಡುವ ರೂಢಿಯುಂಟು.

ಇಲ್ಲಿ ವಾಚಕರು ಒಂದು ವಿರೋಧವನ್ನು ಗಮನಿಸಿರಬಹುದು. ಮಸಿಯಲ್ಲಿ ಅಂಟು ಕಣಗಳನ್ನು ಅಗಲಿಸುವುದೆಂದೆವು. ಗಡಿಗೆಯಲ್ಲಿ ಅಂಟು ಕಣಗಳನ್ನು ಕೂಡಿಸುವುದೆಂದೆವು. ಎರಡೂ ನಿಜವೇ. ವ್ಯತ್ಯಾಸವೆಲ್ಲ ಪ್ರಮಾಣದಲ್ಲಿದೆ. ಅಂಟು ಅಲ್ಪವಾಗಿದ್ದರೆ ಒಂದು ಎಳೆಯನ್ನು ಎರಡು ಕಣಗಳು ಹಂಚಿಕೊಳ್ಳಬೇಕಾಗಿ ಬಂದು ಅವು ಕೂಡುವುವು. ಹೆಚ್ಚಾದರೆ ಒಂದೊಂದು ಕಣವೂ ತನ್ನದೇ ಹೊದಿಕೆಯನ್ನು ಹೊದ್ದು ದೂರ ನಿಲ್ಲುವುದು. ಆದುದರಿಂದ ಒಂದು ಬೀಜವನ್ನು ತಿಕ್ಕಿದರೆ ಇಷ್ಟು ತಿಳಿಯಾಯಿತು, ನಾಲ್ಕನ್ನು ಅರೆದು ಹಾಕಿದರೆ ಇನ್ನೂ ಹೆಚ್ಚು ತಿಳಿಯಾದೀತೆಂದು ಎಣಿಸುವುದು ತಪ್ಪು. ನೀರು ಮತ್ತೆ ಮಬ್ಬಾಗುವುದು. ನಾವು ಶಾಲೆಯಲ್ಲಿ ಐದು ಗಾಜಿನ ಲೋಟಗಳಲ್ಲಿ ಕೆರೆಯ ನೀರನ್ನು ತುಂಬಿಸಿ, ಬೀಜದ ತೇಯ್ದ ಗಂಧವನ್ನು ಒಂದರಿಂದ ಐದರವರೆಗೆ ಹೆಚ್ಚುತ್ತ ಹೋಗುವ ಪ್ರಮಾಣದಲ್ಲಿ ಬೆರೆಸಿ ಹುಡುಗರಿಗೆ ಇದನ್ನು ತೋರಿಸುತ್ತಿದ್ದೆವು. ಬಹುಮಟ್ಟಿಗೆ ಎರಡನೆಯ ಅಥವಾ ಮೂರನೆಯ ಲೋಟವೇ ಗೆಲ್ಲುತ್ತಿತ್ತು. ಹೆಚ್ಚು ಹಾಕಿದವನೇ ಗೆಲ್ಲಬೇಕೆಂದು ಪಂತ ಕಟ್ಟಿದ ಹುಡುಗರ ಮುಖವನ್ನು ಆಗ ನೋಡಬೇಕಾಗಿತ್ತು.

ಇಷ್ಟರಿಂದ ನೀರು ಕಣ್ಣಿಗೆ ತಿಳಿಯಾಯಿತು. ಕುಡಿಯುವುದಕ್ಕೆ ಯೋಗ್ಯವಾಯಿತೆ? ಇಲ್ಲವೆಂಬುದನ್ನು ಒತ್ತಿ ಹೇಳುವುದಕ್ಕಾಗಿಯೇ ನಾವು ಈ ಲೇಖನವನ್ನು ಕೈಗೆತ್ತಿಕೊಂಡೆವು. ನಾವು ಕೆಲಸದಲ್ಲಿದ್ದ ಒಂದು ಹಳ್ಳಿಯಲ್ಲಿ ಒಂದು ಮಳೆಗಾಲ ಶಾಲೆಯ ಹಾಜರಿಯು ಇದ್ದಕ್ಕಿದ್ದಂತೆ ಅರ್ಧಕ್ಕೆ ಇಳಿಯಿತು. ಮನೆಮನೆಯಲ್ಲಿಯೂ ಮಕ್ಕಳಿಗೆ ವಾಂತಿಭೇದಿ. ವಿಚಾರಿಸಲು ಹೋದ ಮನೆಯೊಂದರ ಯಜಮಾನರು ನಮ್ಮ ಮುಂದೆ ಒಂದು ಲೋಟ ನೀರನ್ನಿಟ್ಟು, “ನೋಡಿ ಮೇಷ್ಟ್ರೇ, ಕನ್ನಡಿಯ ಹಾಗಿದೆ. ಪಟಿಕ ಹಾಕಿಯೇ ಕುಡಿಯುತ್ತೇವೆ. ನಮ್ಮ ನೀರಿನಲ್ಲಿ ದೋಷವಿಲ್ಲ” ಎಂದರು. “ಕಾಯಿಸುವುದುಂಟೆ?” ಎಂದು ಕೇಳಿದೆವು. “ಇಷ್ಟು ತಿಳಿಯಾಗಿರುವಾಗ ಕಾಯಿಸುವುದೇತಕ್ಕೆ?” ಎಂದರು. ಒಳಗಿನ ಕೋಣೆಯಲ್ಲಿ ಅವರ ಆರು ವರ್ಷದ ಮೊಮ್ಮಗಳು ಕಣ್ಣು ಗುಳಿಬಿದ್ದು ಮಲಗಿದ್ದಳು. ತಾಲ್ಲೂಕಿನ ಆಸ್ಪತ್ರೆಗೆ ಒಯ್ದುದರಿಂದ ಮಗು ಉಳಿಯಿತು. ಆ ಮಳೆಗಾಲದಲ್ಲಿ ಎಲ್ಲ ಮನೆಗಳಿಗೂ ಆ ಭಾಗ್ಯವಿರಲಿಲ್ಲ.

ರೋಗಾಣುಗಳೂ ನೀರಿನಲ್ಲಿ ತೇಲುವ ಸೂಕ್ಷ್ಮ ಕಣಗಳೇ. ವಾಂತಿಭೇದಿ, ವಿಷಮಶೀತಜ್ವರಗಳ ಅಣುಜೀವಿಗಳು ಹೆಚ್ಚುಕಡಮೆ ಮಿಲಿಮೀಟರಿನ ಸಾವಿರದ ಒಂದು ಪಾಲಿನ ಗಾತ್ರದವು, ಎಂದರೆ ಜೇಡಿಯ ಕಣದಷ್ಟೇ. ಅವೂ ಸಾಮಾನ್ಯವಾಗಿ ಋಣವಿದ್ಯುತ್ತುಳ್ಳವು. ಆದುದರಿಂದ ಪಟಿಕವಾಗಲಿ ಬೀಜವಾಗಲಿ ಮಣ್ಣಿನೊಡನೆ ಅವುಗಳಲ್ಲಿ ಬಹುಭಾಗವನ್ನು ಕೆಳಗೆ ಒಯ್ಯುವುದು ನಿಜ. ಆದರೆ ಕೆಳಗಿಳಿದವು ಸತ್ತಿಲ್ಲ. ಗಡಿಗೆಯ ತಳದ ಕೆಸರಿನಲ್ಲಿ ಜೀವದಿಂದಿವೆ. ಚೆಂಬನ್ನು ಅಲ್ಲಿಯವರೆಗೆ ಮುಳುಗಿಸಿದರೆ ಮತ್ತೆ ಮೇಲೇಳುವುವು. ಮೇಲೆಯೇ ಉಳಿದ ಅಲ್ಪಸಂಖ್ಯೆಯವು ಒಂದು ಮಗುವಿನ ಹೊಟ್ಟೆಗೆ ಸಾಕು. ಇನ್ನೂ ಕಿರಿದಾದ ವೈರಸ್ಸುಗಳು ನೀರಿನಲ್ಲಿ ಎಷ್ಟಿದ್ದರೂ ಕಣ್ಣಿಗೆ ನೀರು ತಿಳಿಯಾಗಿಯೇ ತೋರುವುದು.

ಹಾಗಾದರೆ ತಿಳಿಮಾಡುವುದೇ ವ್ಯರ್ಥವೆ? ಅದೂ ಅಲ್ಲ. ಬಗ್ಗಡದ ನೀರಿಗೆ ನೇರವಾಗಿ ಕ್ಲೋರಿನ್ ಔಷಧಿಯನ್ನು ಹಾಕಿದರೆ ಅದು ಮಣ್ಣಿನ ಗಂಟುಗಳೊಳಗೆ ಅವಿತ ಅಣುಜೀವಿಗಳನ್ನು ಮುಟ್ಟಲಾರದು. ಕೆಸರಿನಲ್ಲಿರುವ ಕೊಳೆಯ ಮೇಲೆಯೇ ಬಹುಭಾಗ ವ್ಯಯವಾಗುವುದು. ಸ್ವಚ್ಛವಾದ ಪಾರದರ್ಶಕ ಸೀಸೆಯಲ್ಲಿ ನೀರನ್ನು ಆರು ಗಂಟೆಗಳ ಕಾಲ ಬಲವಾದ ಬಿಸಿಲಿನಲ್ಲಿಡುವ ಕ್ರಮವೂ ಬಗ್ಗಡಕ್ಕೆ ಸಲ್ಲದು, ಬೆಳಕು ಒಳಗೆ ಹೋಗಲಾರದಷ್ಟೆ. ಭಾರತೀಯ ಮಾನಕ ಸಂಸ್ಥೆಯು 2012ರ ತನ್ನ ನಿಯಮದಲ್ಲಿ ಕುಡಿಯುವ ನೀರಿನ ಬಗ್ಗಡಕ್ಕೆ 1 ಅಂಶವನ್ನು ಮಿತಿಯಾಗಿಟ್ಟು, ಬೇರೆ ನೀರು ದೊರೆಯದ ಕಡೆ ಮಾತ್ರ 5ರವರೆಗೆ ಒಪ್ಪಿರುವುದಕ್ಕೆ ಇಂತಹ ಕಾರಣಗಳೇ ಇವೆ. ಒಟ್ಟಿನಲ್ಲಿ ತಿಳಿಮಾಡುವುದು ಪೂರ್ವಕರ್ಮ, ಕಾಯಿಸುವುದು ಪ್ರಧಾನಕರ್ಮ.

ಈ ಕ್ರಮವನ್ನು ನಾವು ಹೊಸದಾಗಿ ಹೇಳುತ್ತಿಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಕಲುಷಜಲವನ್ನು ತಿಳಿಗೊಳಿಸುವ ಏಳು ವಸ್ತುಗಳನ್ನು ಹೇಳಿದೆ: ಕತಕ, ಗೋಮೇದಕ, ತಾವರೆಯ ಗೆಡ್ಡೆ, ಪಾಚಿಯ ಬೇರು, ವಸ್ತ್ರ, ಮುತ್ತು, ಮಣಿ. ಮುತ್ತು ಮಣಿಗಳ ಪರೀಕ್ಷೆಯನ್ನು ಧನಿಕರಾದ ವಾಚಕರಿಗೇ ಬಿಡುವೆವು. ಮುಖ್ಯವಾದ ಸಂಗತಿಯೆಂದರೆ, ಕೆಟ್ಟ ನೀರಿಗೆ ಆ ಗ್ರಂಥವು ತಿಳಿಗೊಳಿಸುವುದನ್ನು ಮಾತ್ರ ಹೇಳದೆ, ಬೆಂಕಿಯಲ್ಲಿ ಕುದಿಸುವುದನ್ನೂ ಬಿಸಿಲಿನಲ್ಲಿ ಕಾಯಿಸುವುದನ್ನೂ ಅದರೊಡನೆ ಹೇಳಿದೆ. ಪಟಿಕವನ್ನು ಮಾತ್ರ ಹಿಡಿದು ಒಲೆಯನ್ನು ಬಿಟ್ಟವರು ಹಳೆಯ ಶಾಸ್ತ್ರವನ್ನೂ ಅರ್ಧಕ್ಕೆ ಓದಿದವರೇ.

ಆ ಏಳರಲ್ಲಿ ವಸ್ತ್ರದ ಮಹಿಮೆಯು ನಮ್ಮ ಕಾಲದಲ್ಲಿ ಚೆನ್ನಾಗಿ ಬೆಳಕಿಗೆ ಬಂದಿತು. ಬಾಂಗ್ಲಾದೇಶದ 65 ಹಳ್ಳಿಗಳಲ್ಲಿ ರೀಟಾ ಕೋಲ್ವೆಲ್ ಎಂಬ ಅಮೆರಿಕದ ವಿಜ್ಞಾನಿಯೂ ಅವರ ಜೊತೆಗಾರರೂ ನಡೆಸಿ 2003ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಹಳೆಯ ಸೀರೆಯನ್ನು ಹಲವು ಮಡಿಕೆ ಮಾಡಿ ನೀರನ್ನು ಸೋಸಿದ ಮನೆಗಳಲ್ಲಿ ಕಾಲರಾ ರೋಗವು ನೂರಕ್ಕೆ 48ರಷ್ಟು ಕಡಮೆಯಾಯಿತು. ಸೀರೆಯ ರಂಧ್ರಗಳಲ್ಲಿ ಕಾಲರಾದ ಅಣುಜೀವಿಯು ಸಲೀಸಾಗಿ ನುಸುಳಬಲ್ಲುದು. ಆದರೆ ಅದು ನೀರಿನಲ್ಲಿ ಹೆಚ್ಚಾಗಿ ಸಣ್ಣ ಸಣ್ಣ ಜಲಜಂತುಗಳ ಮೈಗೆ ಅಂಟಿಕೊಂಡಿರುವುದರಿಂದ, ಜಂತುವು ಬಟ್ಟೆಯಲ್ಲಿ ಸಿಕ್ಕಿಕೊಂಡರೆ ಅದೂ ಸಿಕ್ಕಿಕೊಳ್ಳುವುದು. ಹೊಸ ಸೀರೆಗಿಂತ ಹಳೆಯದೇ ಮೇಲು. ಒಗೆದು ಒಗೆದು ನೂಲು ಸಡಿಲವಾಗಿ ರಂಧ್ರಗಳು ಕಿರಿದಾಗಿರುತ್ತವೆ. ಸೋಸಿದ ಬಟ್ಟೆಯನ್ನು ತೊಳೆದು ಬಿಸಿಲಿನಲ್ಲಿ ಒಣಗಿಸುವುದನ್ನು ಮರೆಯಬಾರದು.

ಆದುದರಿಂದ ಮಳೆಗಾಲದಲ್ಲಿ ಹೊಳೆ, ಕೆರೆ, ತೆರೆದ ಬಾವಿಗಳ ನೀರನ್ನೇ ಬಳಸಬೇಕಾದ ಗೃಹಸ್ಥರು ಮೊದಲು ಮಡಿಕೆ ಮಾಡಿದ ಹಳೆಯ ಬಟ್ಟೆಯಲ್ಲಿ ನೀರನ್ನು ಸೋಸಲಿ. 20 ಲೀಟರ್ ನೀರಿಗೆ ಸುಮಾರು 1 ಗ್ರಾಂ ಪಟಿಕವನ್ನು, ಬಗ್ಗಡವನ್ನು ನೋಡಿಕೊಂಡು ಸ್ವಲ್ಪ ಹೆಚ್ಚು ಕಡಮೆ ಮಾಡಿ, ಒಂದು ಲೋಟ ನೀರಿನಲ್ಲಿ ಕರಗಿಸಿ ಸುರಿದು, ಮೊದಲು ಒಂದು ನಿಮಿಷ ಬಿರುಸಾಗಿಯೂ ಅನಂತರ ಐದಾರು ನಿಮಿಷ ಮೆಲ್ಲಮೆಲ್ಲನೆಯೂ ತಿರುವಲಿ. ಮೆಲ್ಲನೆ ತಿರುವಿದರೇ ಎಸಳುಗಳು ದೊಡ್ಡವಾಗುವುವು. ಬಿರುಸಿನಿಂದ ಕಟ್ಟಿದ ಎಸಳೂ ಒಡೆಯುವುದು. ಬಾಯಿಗೆ ಒಗರು ತೋರಿದರೆ ಪಟಿಕವು ಹೆಚ್ಚಾಯಿತೆಂದು ತಿಳಿಯಬೇಕು. ರಾತ್ರಿಯೆಲ್ಲ ಬಿಟ್ಟು, ಬೆಳಗ್ಗೆ ಗೃಹಿಣಿಯರು ಸಾರಿನ ತಿಳಿಯನ್ನು ಗಸಿ ಕದಡದಂತೆ ಬಗ್ಗಿಸುವ ರೀತಿಯಲ್ಲಿಯೇ ಮೇಲಿನ ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿ, ಅದು ಮರಳಿ ಕುದಿಯುವಂತೆ ಕನಿಷ್ಠ ಒಂದು ನಿಮಿಷ ಕಾಯಿಸಿ, ಮುಚ್ಚಿಡಬೇಕು. ತಳದ ಗಸಿಯನ್ನು ಗಿಡಗಳಿಗೆ ಚೆಲ್ಲಬಹುದು.

ಪಟಿಕದ ಬದಲು ಬೀಜವನ್ನು ಬಳಸುವವರು ಆ ನೀರನ್ನು ಒಂದು ದಿನಕ್ಕಿಂತ ಹೆಚ್ಚು ಇಡಬಾರದು. ಬೀಜದ ಅಂಶವೇ ಅಣುಜೀವಿಗಳಿಗೆ ಆಹಾರವಾಗುವುದು. ಚಿಲ್ಲದ ಮರಕ್ಕೂ ಕಾಸರಕನ ಮರಕ್ಕೂ ಹತ್ತಿರದ ನಂಟುತನವಿದೆ. ಕಾಸರಕದ ಬೀಜವಾದರೋ ಪ್ರಾಣಾಪಹಾರಿಯಾದ ವಿಷ. ಚಿಲ್ಲದ ಬೀಜವು ಗುಂಡಿಯಂತೆ ಉಬ್ಬಿ ದುಂಡಗಿರುವುದು. ಕಾಸರಕದ ಬೀಜವು ಬಿಲ್ಲೆಯಂತೆ ಚಪ್ಪಟೆಯಾಗಿ, ಅಗಲವಾಗಿ, ರೇಷ್ಮೆಯಂತಹ ನವುರಾದ ರೋಮಗಳಿಂದ ಹೊಳೆಯುವುದು. ಕಾಡಿನಿಂದ ತಾವೇ ಆರಿಸಿ ತರುವುದಕ್ಕಿಂತ ಬಲ್ಲ ಗಂಧಿಗೆ ಅಂಗಡಿಯವರಿಂದ ಕೊಂಡು, ಗುರುತು ಬಲ್ಲ ಹಿರಿಯರೊಬ್ಬರಿಗೆ ತೋರಿಸಿದ ಮೇಲೆಯೇ ಗಡಿಗೆಗೆ ತಿಕ್ಕತಕ್ಕದ್ದು.